ಒದ್ದೆ ಮಾಡದ ನೀರು

ತಿಪಟೂರು ಸೀಮೆಯ ಮನೆಗಳಲ್ಲಿ ಅಟ್ಟವೆಂದರೆ ಕಾಯಿಗಳ ಜಾಗ. ತೋಟದಿಂದ ಬಂದ ಬಲಿತ ಕಾಯನ್ನು ಸಿಪ್ಪೆ ಸಮೇತ ಅಲ್ಲಿಗೆ ಏರಿಸಿಬಿಟ್ಟರೆ ಎಂಟು ತಿಂಗಳೋ ಹತ್ತು ತಿಂಗಳೋ ಅದನ್ನು ಯಾರೂ ಮಾತಾಡಿಸುವುದಿಲ್ಲ. ಮೇಲಿನ ಹೆಂಚಿನ ಬಿಸಿಗೆ, ಕೆಳಗಿನ ಒಲೆಯ ಹೊಗೆಗೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಅವಸರಪಟ್ಟು ಒಡೆದರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಹಾಗಾಗಿ ಕಿವಿಯೇ ಗತಿ. ಅಪ್ಪ ಏಣಿ ಹತ್ತಿ, ಬಗ್ಗಿ ಕೂತು, ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಿದ್ದ. ಮೊದಲ ತಿಂಗಳುಗಳಲ್ಲಿ ಗುಳಕ್ ಗುಳಕ್ ಎಂದು ನೀರಿನ ಸದ್ದು. ಕೊನೆಗೆ ಲೊಟಲೊಟ ಎಂದು ಉಂಡೆ ಗೋಡೆಗೆ ಬಡಿಯುವ ಸದ್ದು. ಇವೆರಡರ ನಡುವೆ ಕಾಯಿ ಏನೂ ಹೇಳದ ಒಂದು ಕಾಲ ಬರುತ್ತದೆ. ನೀರು ಮುಗಿದಿರುತ್ತದೆ, ತಿರುಳು ಇನ್ನೂ ಬಿಟ್ಟಿರುವುದಿಲ್ಲ.

ಈ ಅಟ್ಟ ನನಗೆ ಬಹಳ ವರ್ಷಗಳ ಮೇಲೆ ನೆನಪಾದದ್ದು ಜಪಾನಿನ ಒಂದು ಸುದ್ದಿ ಓದುವಾಗ. ಸುದ್ದಿ ಹಳೆಯದು, 2011ರದ್ದು. ನನಗೆ ತಡವಾಗಿ ಸಿಕ್ಕಿತು. ಕ್ಯೋಟೊ ವಿಶ್ವವಿದ್ಯಾಲಯದ ಕೇ ಕುರೊಟೊಬಿ ಮತ್ತು ಯಾಸುಜಿರೊ ಮುರಾಟ ಎಂಬ ರಸಾಯನಶಾಸ್ತ್ರಜ್ಞರು ಇಂಗಾಲದ ಟೊಳ್ಳು ಚೆಂಡಿನೊಳಗೆ ನೀರಿನ ಒಂದೇ ಒಂದು ಅಣುವನ್ನು ಇಟ್ಟು ಬಾಯಿ ಮುಚ್ಚಿದ್ದರು. ಒಂದು ಚೆಂಡು, ಒಂದು ಅಣು. ಅಂಥ ಕೋಟಿ ಕೋಟಿ ಚೆಂಡುಗಳು ಸೇರಿದರೆ ಕಪ್ಪಗಿನ ಒಂದು ಪುಡಿ. ಆ ಪುಡಿಯ ತೂಕದಲ್ಲಿ ನೂರಕ್ಕೆ ಸುಮಾರು 2.4 ಪಾಲು ನೀರೇ. ಆದರೆ ಪುಡಿಯನ್ನು ಬೆರಳಲ್ಲಿ ತಿಕ್ಕಿದರೆ ತೇವವಿಲ್ಲ, ಹಿಂಡಿದರೆ ಹನಿಯಿಲ್ಲ. ಎಷ್ಟು ದಿನ ಬಿಸಿಲಲ್ಲಿ ಹರವಿದರೂ ನೀರು ಹಾರಿಹೋಗುವುದಿಲ್ಲ. ಟಾಲುಯೀನ್ ಎಂಬ ದ್ರಾವಕದಲ್ಲಿ ಕರಗಿಸಿದರೆ ನೇರಳೆ ಬಣ್ಣ ಬರುತ್ತದೆ, ಖಾಲಿ ಚೆಂಡುಗಳನ್ನು ಕರಗಿಸಿದಾಗ ಬರುವ ಅದೇ ನೇರಳೆ. ಕಣ್ಣಿಗೆ ತುಂಬಿದ್ದೂ ಖಾಲಿಯದೂ ಒಂದೇ.

ಒದ್ದೆ ಮಾಡದ ಇದನ್ನು ನೀರು ಎಂದು ಕರೆಯಬಹುದೆ?

ಪ್ರಶ್ನೆ ತಮಾಷೆಯದೆನಿಸಬಹುದು. ನನ್ನನ್ನು ಮಾತ್ರ ಇದು ವಾರಗಟ್ಟಲೆ ಕಾಡಿದೆ. ನಾವು ನೀರು ಎನ್ನುವಾಗ ಹೇಳುತ್ತಿರುವುದು ಒಂದು ಗುಂಪಿನ ಹೆಸರನ್ನು. ಹರಿಯುವುದು, ತಂಪೆರೆಯುವುದು, ಕುದಿಯುವುದು, ಮಂಜುಗಡ್ಡೆಯಾಗಿ ತೇಲುವುದು, ಇವೆಲ್ಲ ಅಣುಗಳು ಒಂದರ ಕೈ ಒಂದು ಹಿಡಿದಾಗ ಬರುವ ಗುಣಗಳು. ಲೋಟದ ನೀರಿನಲ್ಲಿ ಪ್ರತಿ ಅಣುವೂ ಹೆಚ್ಚೆಂದರೆ ನಾಲ್ಕು ನೆರೆಯವರತ್ತ ಕೈ ಚಾಚಿರುತ್ತದೆ. ಹಿಡಿದ ಕೈ ಬಿಟ್ಟು ಇನ್ನೊಂದನ್ನು ಹಿಡಿಯಲು ಸೆಕೆಂಡಿನ ಲಕ್ಷಕೋಟಿಯಲ್ಲಿ ಒಂದಿಷ್ಟು ಪಾಲು ಸಾಕು. ಇನ್ನೂ ಸೋಜಿಗದ ಮಾತೊಂದಿದೆ. ಅಲ್ಲಿ ಯಾವ ಅಣುವಿನ ಹೈಡ್ರೋಜನ್ ಕೂಡ ಅದರ ಸ್ವಂತದ್ದಲ್ಲ. ಸೆಕೆಂಡಿನ ಸಾವಿರದಲ್ಲೊಂದು ಪಾಲು ಕಳೆಯುವಷ್ಟರಲ್ಲಿ ಹೈಡ್ರೋಜನ್ ಈ ಆಮ್ಲಜನಕವನ್ನು ಬಿಟ್ಟು ಪಕ್ಕದ ಆಮ್ಲಜನಕಕ್ಕೆ ದಾಟಿರುತ್ತದೆ. ನೀವು ಲೋಟ ಎತ್ತಿ ತುಟಿಗೆ ಇಡುವುದರೊಳಗೆ ಅದರೊಳಗಿನ ಹೈಡ್ರೋಜನ್‌ಗಳೆಲ್ಲ ನೂರಾರು ಸಲ ಮನೆ ಬದಲಾಯಿಸಿರುತ್ತವೆ. ಎತ್ತಿಕೊಂಡ ನೀರೇ ಬೇರೆ, ಕುಡಿದ ನೀರೇ ಬೇರೆ ಎಂದರೂ ಸುಳ್ಳಲ್ಲ.

ಕ್ಯೋಟೊದ ಚೆಂಡಿನೊಳಗಿನ ಅಣು ಮಾತ್ರ ಬಾಯಿ ಮುಚ್ಚಿದ ದಿನದಿಂದ ಅದೇ ಎರಡು ಹೈಡ್ರೋಜನ್ ಮತ್ತು ಅದೇ ಒಂದು ಆಮ್ಲಜನಕದೊಂದಿಗಿದೆ. ನೆರೆಯಿಲ್ಲ, ಕೊಡು-ಕೊಳ್ಳುವುದಿಲ್ಲ. ಹೆಸರು ಹಿಡಿದು ಕರೆಯಬಹುದಾದ ನೀರು ಎಲ್ಲಾದರೂ ಇದ್ದರೆ ಅದು ಇದೇ ಇರಬೇಕು.

ಚೆಂಡಿನ ಕತೆ ಬಹಳ ಜನಕ್ಕೆ ಗೊತ್ತು, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. 1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಕ್ರೋಟೊ, ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ ಮತ್ತವರ ವಿದ್ಯಾರ್ಥಿಗಳು ಲೇಸರ್ ಬೆಳಕಿನಿಂದ ಗ್ರಾಫೈಟನ್ನು ಆವಿ ಮಾಡುತ್ತಿದ್ದಾಗ ಸರಿಯಾಗಿ 60 ಇಂಗಾಲದ ಪರಮಾಣುಗಳ ಒಂದು ಗಟ್ಟಿ ಕೂಟ ಕಾಣಿಸಿಕೊಂಡಿತು. 12 ಪಂಚಭುಜ, 20 ಷಡ್ಭುಜ ಸೇರಿಸಿ ಹೊಲಿದ ಫುಟ್‌ಬಾಲಿನ ಆಕಾರವೇ ಇದಕ್ಕೆ ಹೊಂದುತ್ತದೆ ಎಂದು ಅವರು ಊಹಿಸಿದರು. ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಕಟ್ಟಿದ ಗುಮ್ಮಟಗಳ ನೆನಪಿಗೆ ಫುಲರೀನ್ ಎಂಬ ಹೆಸರು ಬಂತು. 1996ರಲ್ಲಿ ಮೂವರಿಗೂ ನೊಬೆಲ್ ಸಿಕ್ಕಿತು. ಚೆಂಡಿನ ಅಡ್ಡಳತೆ 0.7 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಜೋಡಿಸಲು 14 ಲಕ್ಷ ಚೆಂಡು ಬೇಕು. ಪುಟ್ಟ ಅಣುವೊಂದು ಮೈ ಮುದುಡದೆ ಕೂರುವಷ್ಟು ಜಾಗ ಒಳಗಿದೆ. ಆದರೆ ಬಾಗಿಲಿಲ್ಲ. ಷಡ್ಭುಜದ ಕಿಂಡಿಯಿಂದ ಹೈಡ್ರೋಜನ್ ಕೂಡ ನುಸುಳಲಾರದು.

ಊಹೆ ಸಾಬೀತಾದ ಬಗೆ ನನಗೆ ಕತೆಗಿಂತ ಹೆಚ್ಚು ಇಷ್ಟ. 1990ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಕ್ರೋಟೊ ಅವರ ಸಹೋದ್ಯೋಗಿಗಳು ಈ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಿ ಎನ್‌ಎಂಆರ್ ಯಂತ್ರದಲ್ಲಿಟ್ಟರು. ಬಂದದ್ದು ಒಂದೇ ಗೆರೆ. 60 ಪರಮಾಣುಗಳಿದ್ದೂ ಒಂದೇ ಸ್ವರ! ಅಂದರೆ ಪ್ರತಿ ಪರಮಾಣುವಿನ ನೆರೆಹೊರೆಯೂ ಒಂದೇ ತೆರನಾಗಿದೆ, ಯಾವುದೂ ಮೂಲೆಯಲ್ಲಿಲ್ಲ, ಯಾವುದೂ ನಡುವಿನಲ್ಲಿಲ್ಲ. ದುಂಡಗಿನ ಚೆಂಡಿಗಲ್ಲದೆ ಇನ್ಯಾವುದಕ್ಕೆ ಇದು ಸಾಧ್ಯ? ಅದರ ಅಣ್ಣನಂಥ 70 ಪರಮಾಣುಗಳ ಫುಲರೀನ್ ಕೋಳಿಮೊಟ್ಟೆಯ ಹಾಗೆ ತುಸು ಉದ್ದ. ಅದರಿಂದ ಐದು ಗೆರೆ ಬಂತು.

ಇಲ್ಲಿ ಎನ್‌ಎಂಆರ್ ಅಂದರೇನು ಎಂದು ಹೇಳದೆ ಮುಂದೆ ಹೋಗಲಾಗದು. ಆಸ್ಪತ್ರೆಯ ಎಂಆರ್‌ಐ ಇದರ ಮಗು ಎಂದರೆ ಅರ್ಧ ತಿಳಿದಂತೆ. ಹೈಡ್ರೋಜನ್ ಪರಮಾಣುವಿನ ನಡುವಿರುವ ಪ್ರೋಟಾನ್ ಒಂದು ಸಣ್ಣ ಅಯಸ್ಕಾಂತ, ಜೊತೆಗೆ ಬುಗುರಿ. ಬುಗುರಿ ವಾಲಿದಾಗ ಅದರ ತಲೆ ಗಾಳಿಯಲ್ಲಿ ವೃತ್ತ ಬರೆಯುತ್ತದಲ್ಲ, ಹಾಗೆ ಕಾಂತಕ್ಷೇತ್ರದಲ್ಲಿ ಸಿಕ್ಕ ಪ್ರೋಟಾನ್ ಕೂಡ ವಾಲಿಕೊಂಡು ಸುತ್ತುತ್ತದೆ. ಕ್ಷೇತ್ರ ಬಲವಾದಷ್ಟೂ ಸುತ್ತು ಚುರುಕು. ಪ್ರಯೋಗಾಲಯದ 14 ಟೆಸ್ಲಾ ಅಯಸ್ಕಾಂತದಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಸುತ್ತು. ಅದೇ ಲಯದ ರೇಡಿಯೊ ಅಲೆಯಿಂದ ಒಮ್ಮೆ ತಟ್ಟಿದರೆ ಬುಗುರಿಗಳು ಒಟ್ಟಾಗಿ ವಾಲಿ, ತಾವೂ ರೇಡಿಯೊ ಅಲೆಯಲ್ಲಿ ಮರುನುಡಿಯುತ್ತವೆ. ಆ ಮರುನುಡಿಯೇ ಅನುರಣನ. ದನಿ ಬಹಳ ಕ್ಷೀಣ. ಎರಡು ದಿಕ್ಕಿಗೂ ಸರಿಸುಮಾರು ಸಮನಾಗಿ ಹಂಚಿಹೋಗಿರುವ ಬುಗುರಿಗಳಲ್ಲಿ, ಕೋಣೆಯ ಉಷ್ಣತೆಯಲ್ಲಿ, 20,000ಕ್ಕೆ ಒಂದರಷ್ಟು ಮಾತ್ರ ಒಂದು ಕಡೆ ಹೆಚ್ಚಿಗೆ ಇರುತ್ತದೆ. ನಮಗೆ ಕೇಳುವುದು ಆ ಹೆಚ್ಚುವರಿಯ ದನಿಯಷ್ಟೇ.

1945-46ರ ಚಳಿಗಾಲದಲ್ಲಿ ಇದನ್ನು ಮೊದಲು ಕೇಳಿದ್ದು ಎರಡು ತಂಡಗಳು. ಹಾರ್ವರ್ಡಿನ ಎಡ್ವರ್ಡ್ ಪರ್ಸೆಲ್ ಅವರ ತಂಡ ಮೇಣದಲ್ಲಿ ಕೇಳಿತು, ಸ್ಟ್ಯಾನ್‌ಫರ್ಡಿನ ಫೆಲಿಕ್ಸ್ ಬ್ಲಾಖ್ ಅವರ ತಂಡ ನೀರಿನಲ್ಲಿ ಕೇಳಿತು. 1952ರ ನೊಬೆಲ್ ಭಾಷಣದಲ್ಲಿ ಪರ್ಸೆಲ್ ಆ ಚಳಿಗಾಲವನ್ನು ನೆನೆದಿದ್ದಾರೆ. ಮನೆಯ ಬಾಗಿಲಲ್ಲಿ ಬಿದ್ದ ಹಿಮ ಆಗ ಅವರಿಗೆ ಬೇರೆಯಾಗಿ ಕಂಡಿತಂತೆ, ಭೂಮಿಯ ಕಾಂತಕ್ಷೇತ್ರದಲ್ಲಿ ಸದ್ದಿಲ್ಲದೆ ಸುತ್ತುತ್ತಿರುವ ಪ್ರೋಟಾನುಗಳ ರಾಶಿಯಾಗಿ. ವಿಜ್ಞಾನಿ ತನ್ನ ಲೆಕ್ಕಾಚಾರದ ನಡುವೆ ಹಾಗೆ ಬಾಗಿಲಲ್ಲಿ ನಿಂತುಬಿಟ್ಟದ್ದು ನನಗೆ ಬಹಳ ಹಿಡಿಸಿತು. ನಮ್ಮ ಬಾಗಿಲಿಗೆ ಹಿಮ ಬೀಳುವುದಿಲ್ಲ. ಅಡುಗೆಮನೆಯಲ್ಲಿ ಬಿಂದಿಗೆ ಇದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ 40 ಮೈಕ್ರೊಟೆಸ್ಲಾದ ಆಸುಪಾಸು. ಗುಣಿಸಿ ನೋಡಿದರೆ ಬಿಂದಿಗೆಯ ನೀರಿನ ಪ್ರೋಟಾನುಗಳು ಸೆಕೆಂಡಿಗೆ ಸುಮಾರು 1700 ಸುತ್ತು ಸುತ್ತುತ್ತಿರಬೇಕು. ಶಬ್ದವಾಗಿದ್ದರೆ ಮನುಷ್ಯನ ಕಿವಿಗೆ ಚೆನ್ನಾಗಿಯೇ ಕೇಳುವ ಸ್ವರ ಅದು. ಲೆಕ್ಕ ಹಾಕಿದ ರಾತ್ರಿ ನಾನು ಬಿಂದಿಗೆಯ ಬಳಿ ಹೋಗಿ ನಿಂತದ್ದು ಸುಳ್ಳಲ್ಲ. ಹೆಂಡತಿ ‘ಯಾಕ್ರೀ, ಬಾಯಾರಿಕೆನಾ?’ ಅಂದಳು. ಹೌದೆಂದು ಒಂದು ಲೋಟ ಕುಡಿದು ಬಂದೆ.

ಇನ್ನೊಂದು ಸೂಕ್ಷ್ಮವಿದೆ, ಈ ವಿದ್ಯೆಯ ಜೀವ ಇರುವುದೇ ಅದರಲ್ಲಿ. ಪ್ರೋಟಾನಿಗೆ ತಲಪುವ ಕಾಂತಕ್ಷೇತ್ರವನ್ನು ಅದರ ಸುತ್ತಲಿನ ಎಲೆಕ್ಟ್ರಾನುಗಳು ಚೂರು ಮರೆಮಾಡುತ್ತವೆ. ಮರೆ ಹೆಚ್ಚಿದ್ದರೆ ಸ್ವರ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಈ ಏರಿಳಿತ ಹತ್ತು ಲಕ್ಷದಲ್ಲಿ ಕೆಲವು ಪಾಲಿನಷ್ಟು. ಗಾಯಕ ಷಡ್ಜ ಇಟ್ಟುಕೊಳ್ಳುವ ಹಾಗೆ ರಸಾಯನಶಾಸ್ತ್ರಜ್ಞರು ಟೆಟ್ರಾಮೀಥೈಲ್‌ಸೈಲೇನ್ ಎಂಬ ವಸ್ತುವಿನ ಸ್ವರವನ್ನು ಸೊನ್ನೆ ಎಂದಿಟ್ಟುಕೊಂಡು ಮಿಕ್ಕಿದ್ದೆಲ್ಲವನ್ನೂ ಅದರಿಂದ ಅಳೆಯುತ್ತಾರೆ. ಲೋಟದ ನೀರು ಈ ಶ್ರುತಿಯಲ್ಲಿ ಸೊನ್ನೆಗಿಂತ ಸುಮಾರು 4.8 ಪಾಲು ಮೇಲೆ ನಿಲ್ಲುತ್ತದೆ. ಕ್ಯೋಟೊದವರು ತಮ್ಮ ನೇರಳೆ ದ್ರಾವಣವನ್ನು ಕೇಳಿದಾಗ ಪಂಜರದ ನೀರು ನುಡಿದದ್ದು ಸೊನ್ನೆಗಿಂತ 4.8 ಪಾಲು ಕೆಳಗೆ. ಅದೇ ಅಂಕಿ, ಚಿಹ್ನೆ ಮಾತ್ರ ತಿರುವುಮುರುವು. ಇದು ಕಾಕತಾಳೀಯ, ಇದರಲ್ಲಿ ಗೂಢಾರ್ಥ ಹುಡುಕಬೇಡಿ. ನೆರೆಯ ಅಣುಗಳ ಕೈ ಬಿಟ್ಟಿದ್ದಕ್ಕೆ ಸ್ವರ ಒಂದಷ್ಟು ಇಳಿಯಿತು, ಇಂಗಾಲದ ಗೋಡೆಯ ಮೇಲೆ ಹರಿದಾಡುವ ಎಲೆಕ್ಟ್ರಾನುಗಳ ಮರೆಗೆ ಮಿಕ್ಕಷ್ಟು ಇಳಿಯಿತು, ಎರಡೂ ಕೂಡಿ ಆ ಅಂಕಿಗೆ ಬಂದು ನಿಂತಿತು. ಆದರೂ ಲೋಕದ ನೀರು ಮತ್ತು ಲೋಕ ಬಿಟ್ಟ ನೀರು ಸೊನ್ನೆಯ ಆಚೀಚೆ ಸಮದೂರದಲ್ಲಿ ನಿಂತಿರುವುದನ್ನು ನೋಡಿ ಒಂದು ಗಳಿಗೆ ಸುಮ್ಮನಾಗದವರು ಯಾರು?

ಒಡೆಯದೆ ಒಳಗಿನದನ್ನು ಕಿವಿಯಿಂದಲೇ ತಿಳಿಯುವ ಮಾತು ಬಂದಾಗ ನನಗೆ ತಮಿಳಿನ ಶಿಲಪ್ಪದಿಕಾರಂ ಕಾವ್ಯ ನೆನಪಾಗುತ್ತದೆ. ಕೋವಲನ ಕೈಯಲ್ಲಿದ್ದ ಕಾಲಂದುಗೆ ರಾಣಿಯದೇ ಎಂದು ಪಾಂಡ್ಯ ರಾಜ ಅವನನ್ನು ಕೊಲ್ಲಿಸಿದ. ರಾಣಿಯ ಅಂದುಗೆಯೊಳಗಿದ್ದದ್ದು ಮುತ್ತು. ಕೋವಲನ ಹೆಂಡತಿ ಕಣ್ಣಗಿ ತನ್ನದನ್ನು ಸಭೆಯಲ್ಲಿ ಒಡೆದಳು, ಮಾಣಿಕ್ಯ ಹಾರಿತು. ಒಳಗಿನದು ತಿಳಿಯಿತು. ಅಷ್ಟರಲ್ಲಿ ಕೋವಲ ಸತ್ತಿದ್ದ, ಮಧುರೆ ಉರಿಯಿತು. ಮುತ್ತಿನ ಸದ್ದು ಬೇರೆ, ಮಾಣಿಕ್ಯದ ಸದ್ದು ಬೇರೆ. ತೀರ್ಪಿಗೆ ಮೊದಲು ಆಸ್ಥಾನದಲ್ಲಿ ಒಬ್ಬನಾದರೂ ಎರಡು ಅಂದುಗೆಗಳನ್ನೂ ಕಿವಿಯ ಬಳಿ ಅಲ್ಲಾಡಿಸಿದ್ದರೆ? ಅಷ್ಟು ದೊಡ್ಡ ಕಾವ್ಯವೇ ಹುಟ್ಟುತ್ತಿರಲಿಲ್ಲ ಎನ್ನಿ.

ನೀರನ್ನು ಒಳಗೆ ಕಳಿಸಿದ ಬಗೆಗೆ ಬರೋಣ. ಫುಲರೀನ್ ಹುಟ್ಟುವ ಕುಲುಮೆಯಲ್ಲಿ ಅಕಸ್ಮಾತ್ತಾಗಿ ಅತಿಥಿ ಸಿಕ್ಕಿಬೀಳುವುದುಂಟು. ಹೀಲಿಯಂ ಅನಿಲದ ನಡುವೆ ತಯಾರಾದ ಚೆಂಡುಗಳಲ್ಲಿ 8,80,000ಕ್ಕೆ ಒಂದರೊಳಗೆ ಹೀಲಿಯಂ ಇರುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ಮಾರ್ಟಿನ್ ಸಾಂಡರ್ಸ್ ಮತ್ತು ಸಂಗಡಿಗರು 1993ರಲ್ಲಿ ಕಂಡುಕೊಂಡರು. ಬಿಸಿ ಮತ್ತು ಒತ್ತಡದಿಂದ ಬಲವಂತವಾಗಿ ತುರುಕಿದಾಗಲೂ ಸಾವಿರಕ್ಕೆ ಒಂದರಷ್ಟು ಮಾತ್ರ ತುಂಬಿತು. ಕೊಯಿಚಿ ಕೊಮಾತ್ಸು ಮತ್ತು ಮುರಾಟ ಅವರ ಕ್ಯೋಟೊ ತಂಡ ಹಿಡಿದದ್ದು ಬೇರೆ ದಾರಿ. ಅದಕ್ಕೆ ಅಣು ಶಸ್ತ್ರಚಿಕಿತ್ಸೆ ಎಂಬ ಹೆಸರಿದೆ. ಕತ್ತಿ ಕತ್ತರಿ ಇಲ್ಲದ ಶಸ್ತ್ರಚಿಕಿತ್ಸೆ. ಒಂದಾದ ಮೇಲೊಂದು ರಾಸಾಯನಿಕ ಕ್ರಿಯೆಯಿಂದ ಚೆಂಡಿನ ಹೊಲಿಗೆ ಬಿಚ್ಚಿ 13 ಪರಮಾಣುಗಳ ಅಂಚಿನ ಒಂದು ಬಾಯಿ ತೆರೆದರು. ಹೈಡ್ರೋಜನ್ ಅನಿಲದಲ್ಲಿ 800 ವಾಯುಮಂಡಲದ ಒತ್ತಡದಲ್ಲಿ, 200 ಡಿಗ್ರಿ ಬಿಸಿಯಲ್ಲಿ ಎಂಟು ಗಂಟೆ ಇಟ್ಟರು. ಎಲ್ಲ ಚೆಂಡುಗಳೂ ತುಂಬಿದವು. ಆಮೇಲೆ ಬಿಚ್ಚಿದ ಹೊಲಿಗೆಯನ್ನೆಲ್ಲ ಹಿಂದುಮುಂದಾಗಿ ಹಾಕುತ್ತ ಬಾಯಿ ಮುಚ್ಚಿದರು. ಅತಿಥಿ ತಪ್ಪಿಸಿಕೊಳ್ಳದಂತೆ ಮುಚ್ಚುವುದು ತೆರೆಯುವುದಕ್ಕಿಂತ ಕಷ್ಟ. 2005ರಲ್ಲಿ ಪ್ರಕಟವಾದಾಗ ಕೊನೆಗೆ ಉಳಿದಿದ್ದದ್ದು ಗಾಯದ ಗುರುತೇ ಇಲ್ಲದ 60 ಪರಮಾಣುಗಳ ಚೆಂಡು, ಒಳಗೆ ಹೈಡ್ರೋಜನ್.

ನೀರಿಗೆ ಇನ್ನೂ ಅಗಲದ ಬಾಯಿ ಬೇಕಾಯಿತು. ಒತ್ತಡವೋ, 9000 ವಾಯುಮಂಡಲ. ಸಮುದ್ರದ ಅತಿ ಆಳದ ಮರಿಯಾನ ಕಮರಿಯ ತಳದಲ್ಲಿರುವುದರ ಎಂಟು ಪಟ್ಟು. ಒಂದು ಅಣುವನ್ನು ಅದರ ಬಳಗದಿಂದ ಬಿಡಿಸಿ ಒಂಟಿ ಕೋಣೆಗೆ ಕಳಿಸಲು ಇಷ್ಟೊಂದು ಬಲ!

ಚೆಂಡು ಮತ್ತು ಅದರೊಳಗಿನ ಅತಿಥಿಯ ಜೋಡಿಯನ್ನು ಬರೆಯುವಾಗ ಒಳಗಿನವರ ಹೆಸರು ಮೊದಲು, ಮನೆಯ ಹೆಸರು ಆಮೇಲೆ, ನಡುವೆ ನಮ್ಮ ಇಮೇಲ್ ವಿಳಾಸಗಳಲ್ಲಿ ಬರುವ ಅದೇ @ ಚಿಹ್ನೆ. ಈ ರೂಢಿ 1991ರಲ್ಲಿ ಸ್ಮಾಲಿಯವರ ಗುಂಪಿನಿಂದ ಬಂದದ್ದು. ಚಿಹ್ನೆಯನ್ನೇ ನೋಡಿ, ಸುತ್ತ ಒಂದು ಬೇಲಿ, ಒಳಗೆ ಒಬ್ಬ.

ಬೇಲಿಯೊಳಗಿನವನು ಏನು ಮಾಡುತ್ತಿದ್ದಾನೆ ಎಂಬ ಪ್ರಶ್ನೆಯನ್ನು ಬೆನ್ನು ಹತ್ತಿದವರು ಹಲವರು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಮ್ಯಾಲ್ಕಮ್ ಲೆವಿಟ್, ನಾಟಿಂಗ್‌ಹ್ಯಾಮಿನಲ್ಲಿ ಆಂಟನಿ ಹಾರ್ಸ್‌ವಿಲ್, ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ನಿಕೊಲಾಸ್ ಟರೊ, ಎಸ್ಟೋನಿಯದ ಟಾಲಿನ್ನಿನಲ್ಲಿ ಟೂಮಸ್ ರೂಮ್. ಅವರಿಗೆ ಮೊದಲು ಕೇಳಿಸಿದ್ದು ಲೊಟಲೊಟ ಸದ್ದೇ. ಒಳಗಿನ ಅಣು ಗೋಡೆಗೆ ಅಂಟಿಕೊಂಡಿಲ್ಲ. ಹೊರಗಿನ ಪುಡಿ ಗಟ್ಟಿಯಾಗಿ, ಪರಮಶೂನ್ಯಕ್ಕೆ ನಾಲ್ಕೈದು ಡಿಗ್ರಿ ಮೇಲಿನ ಚಳಿಯಲ್ಲಿ ಹೆಪ್ಪುಗಟ್ಟಿ ಕೂತಿದ್ದರೂ ಒಳಗಿನದು ಆವಿಯಲ್ಲಿದ್ದಷ್ಟೇ ಸಲೀಸಾಗಿ ತಿರುಗುತ್ತದೆ. ನೀರು ಮಂಜುಗಡ್ಡೆಯಾಗಬೇಕಾದರೂ ಜೊತೆಗಾರರು ಬೇಕಲ್ಲ.

ಇನ್ನು ಮುಂದಿನದು, ನನ್ನ ಮಟ್ಟಿಗೆ, ಈ ಇಡೀ ಕತೆಯ ತಿರುಳು.

ನೀರಿನ ಅಣುವಿನಲ್ಲಿ ಎರಡು ಪ್ರೋಟಾನ್ ಬುಗುರಿಗಳಿವೆ. ಎರಡೂ ಒಮ್ಮುಖವಾಗಿ ಕೂಡಿದರೆ ಅದನ್ನು ಆರ್ಥೊ ನೀರು ಎನ್ನುತ್ತಾರೆ, ಎದುರುಬದುರಾಗಿ ಒಂದನ್ನೊಂದು ರದ್ದು ಮಾಡಿದರೆ ಪ್ಯಾರಾ ನೀರು. ಕೂಡುವುದಕ್ಕೆ ಮೂರು ಬಗೆ, ರದ್ದಾಗುವುದಕ್ಕೆ ಒಂದೇ ಬಗೆ. ಹಾಗಾಗಿ ಕೋಣೆಯ ಬಿಸಿಯಲ್ಲಿ ಆರ್ಥೊ ಮೂರು ಪಾಲು, ಪ್ಯಾರಾ ಒಂದು ಪಾಲು. ಹೈಡ್ರೋಜನ್ ಅನಿಲದಲ್ಲೂ ಇದೇ ಇಬ್ಬಗೆ ಇದೆ. ಅದನ್ನು ಜರ್ಮನಿಯ ಬೊನ್‌ಹೋಫರ್ ಮತ್ತು ಹಾರ್ಟೆಕ್ 1929ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಇದರ ಹಿಂದೆ ಕ್ವಾಂಟಂ ಲೋಕದ ಒಂದು ಕಟ್ಟುನಿಟ್ಟಾದ ಕಟ್ಟಳೆಯಿದೆ. ಪ್ಯಾರಾ ಅಣು ಬೇಕೆಂದರೆ ತಿರುಗುವುದನ್ನು ಪೂರ್ತಿ ನಿಲ್ಲಿಸಬಹುದು. ಆರ್ಥೊ ಅಣುವಿಗೆ ಆ ಅನುಮತಿ ಇಲ್ಲ. ಎಷ್ಟೇ ತಣ್ಣಗೆ ಮಾಡಿ, ಅದು ಕಡೆಯ ಒಂದು ತಿರುಗನ್ನು ಬಿಡಲಾರದು. ಬಿಡಬೇಕೆಂದರೆ ಮೊದಲು ತನ್ನ ಜಾತಿಯನ್ನೇ ಬಿಟ್ಟು ಪ್ಯಾರಾ ಆಗಬೇಕು.

ಲೋಟದ ನೀರಿನಲ್ಲಿ ಈ ಭೇದ ನಿಲ್ಲುವುದಿಲ್ಲ. ಮಿಲಿಸೆಕೆಂಡಿಗೊಮ್ಮೆ ಹೈಡ್ರೋಜನ್ ಅದಲುಬದಲಾಗುವ ಸಂತೆಯಲ್ಲಿ ಯಾರು ಆರ್ಥೊ, ಯಾರು ಪ್ಯಾರಾ? ಪಂಜರದಲ್ಲಿ ಮಾತ್ರ ಅದು ಗಂಟೆಗಟ್ಟಲೆ ಕೂತು ನೋಡಬಹುದಾದ ಸಂಗತಿ. ಪುಡಿಯನ್ನು ಥಟ್ಟನೆ ತಣಿಸಿ ಎನ್‌ಎಂಆರ್ ದನಿಯನ್ನು ಕೇಳುತ್ತ ಕೂತರು. 2012ರಲ್ಲಿ ಹಲವು ದೇಶಗಳವರು ಕೂಡಿ ಪ್ರಕಟಿಸಿದ ಅಧ್ಯಯನವದು. ದನಿ ಗಂಟೆಗಟ್ಟಲೆ ನಿಧಾನವಾಗಿ ಕುಗ್ಗುತ್ತ ಹೋಯಿತು. ನೀರು ಎಲ್ಲಿಗೂ ಹೋಗಿರಲಿಲ್ಲ. ಆರ್ಥೊ ಅಣುಗಳು ಒಂದೊಂದಾಗಿ ಪ್ಯಾರಾ ಆಗುತ್ತಿದ್ದವು. ಪ್ಯಾರಾದಲ್ಲಿ ಎರಡು ಬುಗುರಿಗಳೂ ಒಂದನ್ನೊಂದು ರದ್ದು ಮಾಡಿರುವುದರಿಂದ ಅದಕ್ಕೆ ಕಾಂತಗುಣವಿಲ್ಲ, ಎನ್‌ಎಂಆರ್ ಕಿವಿಗೆ ಅದು ಕೇಳುವುದೇ ಇಲ್ಲ. ಯಂತ್ರದ ಮುಂದೆ ಕೂತವರು ಬರೆದುಕೊಳ್ಳುತ್ತಿದ್ದದ್ದು ಮೌನ ಎಷ್ಟು ಬೆಳೆಯಿತು ಎಂಬ ಲೆಕ್ಕವನ್ನು. ನ್ಯೂಟ್ರಾನುಗಳನ್ನು ಹಾಯಿಸಿ ನೋಡಿದಾಗ, ದೂರದ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದಾಗ ಎರಡೂ ಬಗೆ ಬೇರೆ ಬೇರೆಯಾಗಿ ಕಂಡವು. ಮೌನವಾದದ್ದು ಇಲ್ಲವಾಗಿರಲಿಲ್ಲ.

ಟರೊ ಅವರ ತಂಡ 2008ರಲ್ಲಿ ಹೈಡ್ರೋಜನ್ ತುಂಬಿದ ಚೆಂಡುಗಳ ಮೇಲೆ ಮಾಡಿದ ಪ್ರಯೋಗ ಇದಕ್ಕಿಂತ ಚಮತ್ಕಾರದ್ದು. ಒಂಟಿ ಹೈಡ್ರೋಜನ್ ತಾನಾಗಿ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುವುದು ಬಹಳ ನಿಧಾನ. ಹತ್ತಿರದಲ್ಲಿ ಬೇರೊಂದು ಅಯಸ್ಕಾಂತ ಸುಳಿದರೆ ಆ ಬದಲಾವಣೆ ಚುರುಕಾಗುತ್ತದೆ. ಆಮ್ಲಜನಕದ ಅಣು ಹುಟ್ಟಾ ಅಯಸ್ಕಾಂತ. ಅವರು ಚೆಂಡುಗಳನ್ನು ದ್ರವ ಆಮ್ಲಜನಕದಲ್ಲಿ ನೆನೆಸಿ ಪರಮಶೂನ್ಯಕ್ಕಿಂತ 77 ಡಿಗ್ರಿ ಮೇಲಿಟ್ಟರು. ಆಮ್ಲಜನಕ ಗೋಡೆಯಾಚೆಯೇ ನಿಂತಿತ್ತು, ಒಳಗೆ ಬರಲಿಲ್ಲ, ಹೈಡ್ರೋಜನ್ನನ್ನು ಮುಟ್ಟಲಿಲ್ಲ. ಒಳಗಿನದು ಬದಲಾಯಿತು. ಆಮ್ಲಜನಕವನ್ನು ತೆಗೆದ ಮೇಲೆ ಹೊಸ ಸ್ಥಿತಿ ದಿನಗಟ್ಟಲೆ ಹಾಗೇ ಉಳಿಯಿತು. ಎಲೆಕ್ಟ್ರಾನುಗಳಿಂದ ಹೆಣೆದ ಭದ್ರ ಗೋಡೆ ಅನಿಲವನ್ನು ತಡೆಯಿತು, ಕಾಂತಕ್ಷೇತ್ರವನ್ನು ತಡೆಯಲಾಗಲಿಲ್ಲ. ನೀರಿನ ವಿದ್ಯುತ್ ಗುಣದ ವಿಷಯದಲ್ಲಿ ಇದೇ ಗೋಡೆ ಬೇರೆ ಆಟ ಹೂಡುತ್ತದೆ. ನೀರಿನ ಅಣುವಿಗೆ ಒಂದು ತುದಿ ಧನ, ಒಂದು ತುದಿ ಋಣ. ಪಂಜರದ ಹೊರಗಿನಿಂದ ಅಳೆದರೆ ಆ ಗುಣ ಕಾಲು ಪಾಲಿನಷ್ಟು ಮಾತ್ರ ಕಾಣುತ್ತದೆ. ಮಿಕ್ಕಿದ್ದನ್ನು ಗೋಡೆ ನುಂಗಿಕೊಳ್ಳುತ್ತದೆ.

ಹೀಲಿಯಂ ವಿಷಯ ಹೇಳದಿದ್ದರೆ ಮನಸ್ಸು ಕೇಳದು. ಯಾರೊಂದಿಗೂ ಸಂಬಂಧ ಬೆಳೆಸದ, ಜಡವೆಂದು ಹೆಸರಾದ ಅನಿಲ ಅದು. ಹೀಲಿಯಂ-3 ಎಂಬ ಅದರ ಹಗುರ ರೂಪಕ್ಕೆ ಎನ್‌ಎಂಆರ್ ದನಿಯಿದೆ. 1994ರಲ್ಲಿ ಸಾಂಡರ್ಸ್ ಅದನ್ನು ಗೂಢಚಾರನ ಹಾಗೆ ಪಂಜರದೊಳಗೆ ಕೂರಿಸಿ ಗೋಡೆಯ ಸುದ್ದಿ ತರಿಸಿಕೊಂಡರು. 60ರ ಚೆಂಡಿನಲ್ಲಿ ಅದರ ಸ್ವರ ಹತ್ತು ಲಕ್ಷಕ್ಕೆ ಆರು ಪಾಲು ತಗ್ಗಿತು, 70ರ ಚೆಂಡಿನಲ್ಲಿ 29 ಪಾಲು. ನೋಡಲು ಅಷ್ಟು ಹೋಲುವ ಎರಡು ಮನೆಗಳ ಒಳಗಿನ ಹವೆ ಅಷ್ಟು ಬೇರೆ. 2020ರಲ್ಲಿ ಸೌತಾಂಪ್ಟನ್ನಿನವರು ಇನ್ನೂ ಸೂಕ್ಷ್ಮವಾಗಿ ಕಿವಿಗೊಟ್ಟರು. ಸಾಮಾನ್ಯವಾಗಿ ರಾಸಾಯನಿಕ ಬಂಧವಿರುವ ಪರಮಾಣುಗಳ ನಡುವೆ ನಡೆಯುವ ಪಿಸುಮಾತೊಂದು ಈ ಹೀಲಿಯಂಗೂ ಗೋಡೆಯ ಇಂಗಾಲಕ್ಕೂ ನಡುವೆ ಕೇಳಿಸಿತು. ಅದರ ಪ್ರಮಾಣ ಒಂದು ಹರ್ಟ್ಝ್‌ನ ಹತ್ತನೇ ಒಂದು ಪಾಲಿಗೂ ಕಡಿಮೆ. ಅಲ್ಲಿ ಬಂಧವಿಲ್ಲ. ಒಂದೇ ಕೋಣೆಯಲ್ಲಿ ಹತ್ತಿರ ಹತ್ತಿರ ಕೂರಿಸಿದ್ದಕ್ಕೇ ಅಷ್ಟು ಮಾತು ಹುಟ್ಟಿತು. ಒಂದೇ ಬೋಗಿಯಲ್ಲಿ ರಾತ್ರಿ ಪೂರ್ತಿ ಎದುರುಬದುರು ಕೂತ ಅಪರಿಚಿತರಿಗೆ ಇದು ಅರ್ಥವಾದೀತು.

ಇದರಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಕೇಳಲಿ. ಪರ್ಸೆಲ್ ಅವರ ಮೇಣದಿಂದ ಏನು ಉಪಯೋಗವೆಂದು 1946ರಲ್ಲಿ ಯಾರಾದರೂ ಕೇಳಿದ್ದರೆ ಅವರಿಗೂ ಹೇಳಲಾಗುತ್ತಿರಲಿಲ್ಲ. ಸುಮಾರು 30 ವರ್ಷ ಕಳೆದ ಮೇಲೆ, 1975ರಲ್ಲಿ, ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ, ರಿಚರ್ಡ್ ಅರ್ನ್ಸ್ಟ್ ಸೇರಿ ಆ ದನಿಯಿಂದ ಚಿತ್ರ ಬಿಡಿಸುವ ಗಣಿತದ ದಾರಿ ತೋರಿಸಿದರು. ಇಂದಿನ ಎಂಆರ್‌ಐ ಆ ದಾರಿಯಲ್ಲೇ ನಡೆಯುತ್ತಿದೆ. ಈ ಅನಿಲ್ ಕುಮಾರ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಎನ್‌ಎಂಆರ್ ಕಲಿಸಿದವರು. ಎಂಆರ್‌ಐ ಸುರಂಗದೊಳಗೆ ಒಮ್ಮೆ ನಾನೂ ಅರ್ಧ ಗಂಟೆ ಮಲಗಿದ್ದೇನೆ. ಢಣಢಣ ಬಡಿತದ ನಡುವೆ ನನ್ನ ಬೆನ್ನುಮೂಳೆಯ ನೀರು ಏನು ಹೇಳುತ್ತಿದೆಯೋ ಎಂದು ಯೋಚಿಸುತ್ತಿದ್ದೆ. ಅದೂ ಬೋನಿನೊಳಗೆ ಕೂಡಿಟ್ಟ ಒಬ್ಬನನ್ನು ಹೊರಗಿನಿಂದ ಕೇಳಿಸಿಕೊಳ್ಳುವ ಕೆಲಸವೇ ಅಲ್ಲವೆ?

ಆಮೇಲಾಮೇಲೆ ಪಂಜರಕ್ಕೆ ಹೊಸ ಅತಿಥಿಗಳು ಬಂದರು. 2016ರಲ್ಲಿ ಹೈಡ್ರೋಜನ್ ಫ್ಲೋರೈಡ್, 2019ರಲ್ಲಿ ಮೀಥೇನ್. ಎರಡೂ ಸೌತಾಂಪ್ಟನ್ನಿನ ರಿಚರ್ಡ್ ವಿಟ್ಬಿ ಅವರ ಪ್ರಯೋಗಾಲಯದ ಕೆಲಸ. ಐದು ಪರಮಾಣುಗಳ ಮೀಥೇನ್ ಅಷ್ಟು ಇಕ್ಕಟ್ಟಿನಲ್ಲಿ ಹಿಡಿಸಿದ್ದೇ ಹೆಚ್ಚು. ನನ್ನ ಮನಸ್ಸು ಮಾತ್ರ ನೀರಿನ ಬಳಿಯೇ ನಿಂತಿದೆ. ಎಲ್ಲೋ ಒಂದು ಪ್ರಯೋಗಾಲಯದ ಕಪಾಟಿನಲ್ಲಿ 100 ಮಿಲಿಗ್ರಾಂ ಕಪ್ಪು ಪುಡಿ ಇದೆ ಎಂದುಕೊಳ್ಳಿ. ಅದರಲ್ಲಿರುವ ಒಂಟಿ ನೀರುಗಳ ಸಂಖ್ಯೆ 8ರ ಮುಂದೆ 19 ಸೊನ್ನೆ. ಒಂದರ ಪಕ್ಕ ಒಂದು, ನಡುವೆ ಎರಡು ತೆಳು ಗೋಡೆ. ಒಂದಕ್ಕೂ ಇನ್ನೊಂದರ ಪರಿಚಯವಿಲ್ಲ.

ಅಟ್ಟದ ಮಾತು ಒಂದು ಬಾಕಿ ಉಳಿದಿದೆ. ನನಗಾಗ ಹತ್ತು ವರ್ಷವಿದ್ದೀತು. ಅಪ್ಪನ ಜೊತೆ ಏಣಿ ಹತ್ತಿ ನಾನೂ ಕಾಯಿ ಅಲ್ಲಾಡಿಸುತ್ತಿದ್ದೆ. ಒಂದು ಕಾಯಿ ಗುಳಕ್ ಎನ್ನಲಿಲ್ಲ, ಲೊಟ ಎನ್ನಲೂ ಇಲ್ಲ.

‘ಅಪ್ಪಾ, ಇದ್ರಲ್ಲಿ ಏನೂ ಇಲ್ಲ ಕಣಪ್ಪ’ ಅಂದೆ.

ಅಪ್ಪ ಅದನ್ನು ಇಸಕೊಂಡು ಕಿವಿಗೆ ಹಿಡಿದ. ಕೈಯಲ್ಲಿ ತೂಗಿ ನೋಡಿದ. ‘ಐತೆ. ಇನ್ನೂ ಬಿಟ್ಟಿಲ್ಲ ಅಷ್ಟೇಯ. ಆ ಮೂಲೇಗಿಡು, ದೀಪಾವಳಿ ಕಳದ್ಮೇಲೆ ನೋಡಾನ’ ಅಂದ.

ಮೂಲೆಯಲ್ಲಿ ಅಂಥವು ಆಗಲೇ ಇಪ್ಪತ್ತು ಮೂವತ್ತು ಇದ್ದವು.